ಸಹಾಯ ಬೇಕು: ಅಜ್ಜಿ ತುತ್ತಿಡುವ ಮನೆಯಲ್ಲಿ ಅಮ್ಮನ ಒತ್ತಾಯ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಮಂಡ್ಯದ ಹತ್ತಿರದ ಹಳ್ಳಿಗಳಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಮನೆಯಲ್ಲಿ ಹೇಗೆ ಊಟ ಮಾಡಿಸುತ್ತಾರೆ ಅಂತ ನೋಡುತ್ತಿದ್ದೇನೆ. ಅದಕ್ಕೆ 2001ರಲ್ಲಿ ಅಮೆರಿಕದವರು ಪ್ರಕಟಿಸಿದ ‘ಚೈಲ್ಡ್ ಫೀಡಿಂಗ್ ಕ್ವೆಶ್ಚನೇರ್’ (ಮಕ್ಕಳಿಗೆ ಊಟ ಮಾಡಿಸುವ ಬಗ್ಗೆ ಹೆತ್ತವರಿಗೆ ಕೇಳುವ ಪ್ರಶ್ನಾವಳಿ) ತೆಗೆದುಕೊಂಡೆ. 31 ಪ್ರಶ್ನೆಗಳು, ಒಂದೊಂದಕ್ಕೂ 1ರಿಂದ 5 ಅಂಕ. ಕನ್ನಡಕ್ಕೆ ಮಾಡಿ, ಬೇರೆಯವರಿಂದ ವಾಪಸ್ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸಿಯೂ ಆಯಿತು.

ಸಿಕ್ಕಿಕೊಂಡಿರುವುದು ತಿನ್ನಲು ಒತ್ತಾಯಿಸುವ ಬಗೆಗಿನ 4 ಪ್ರಶ್ನೆಗಳಲ್ಲಿ. ‘ತಟ್ಟೆಯಲ್ಲಿರುವುದನ್ನೆಲ್ಲ ಮಗು ತಿನ್ನಬೇಕು’ ಅಂತ ಓದಿದರೆ ತಾಯಂದಿರು, ಮಗುವಿಗೆ ಬೇರೆ ತಟ್ಟೆ ಎಲ್ಲಿ ಮೇಡಂ, ನಮ್ಮತ್ತೆ ಚಂದಮಾಮನನ್ನು ತೋರಿಸಿಕೊಂಡು ಅನ್ನ ಕಲಸಿ ಬಾಯಿಗೆ ಇಡುತ್ತಾರೆ ಅಂತಾರೆ. ‘ತಟ್ಟೆ’ ತೆಗೆದು ‘ಕಲಸಿದ ಅನ್ನ’ ಅಂತ ಹಾಕಿದೆ. ಅಂಕ ಅರ್ಥವಾಗಲಿ ಅಂತ 5 ಲೋಟ ಇಟ್ಟು ತೋರಿಸಿದೆ. ಆದರೂ 22 ತಾಯಂದಿರಲ್ಲಿ 19 ಜನ ನಾಲ್ಕಕ್ಕೂ 5, ಅಂದರೆ ‘ಪೂರ್ತಿ ಒಪ್ಪುತ್ತೇನೆ’, ಕೊಟ್ಟರು. ಎಲ್ಲರದೂ ಒಂದೇ ಆದರೆ ಮಗುವಿನ ಊಟದ ಜೊತೆ ಹೋಲಿಸುವುದು ಹೇಗೆ ಹೇಳಿ? ಇನ್ನೊಂದು ತುತ್ತು ಅಂತ ಕೂಗುತ್ತಾ ಮಗುವಿನ ಹಿಂದೆ ಓಡುವುದು ಅವರಿಗೆ ಒತ್ತಾಯವೇ ಅಲ್ಲ, ಅದು ಅಕ್ಕರೆ. ಅದನ್ನು ಸುಮ್ನೆ ತಪ್ಪು ಅಂತ ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಈ 4 ಪ್ರಶ್ನೆಗಳನ್ನು ಅಮ್ಮನಿಗೇ ಕೇಳಬೇಕಾ, ಊಟ ಮಾಡಿಸುವ ಅಜ್ಜಿಗೆ ಕೇಳಬಹುದಾ? ಅಥವಾ ಪ್ರಶ್ನೆ ಬಿಟ್ಟು, ಊಟದ ಹೊತ್ತಿಗೆ ಮನೆಗೇ ಹೋಗಿ ಮಗು ಬೇಡ ಅಂದ ಮೇಲೆ ಎಷ್ಟು ತುತ್ತು ಇಟ್ಟರು ಅಂತ ಎಣಿಸಿದರೆ ನಡೆಯುತ್ತದಾ?