ವಿಂಡೋಸ್ 11ಕ್ಕೆ ಹೋದ ಮೇಲೆ ಲೆಕ್ಕದ ಫೋಲ್ಡರ್ ‘ಆಕ್ಸೆಸ್ ಡಿನೈಡ್’ ಅನ್ನುತ್ತಿದೆ

ಪ್ರಶ್ನೆ (ಶಿರಸಿ, ಅಡಿಕೆ ವಖಾರಿ): ನಮಸ್ಕಾರ. ವಖಾರಿಯ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ 11 ಮಾಡಿಸಿದ್ದೇವೆ. ವಿಂಡೋಸ್ 10 ಇದ್ದ ಹಳೇ ಹಾರ್ಡ್‌ಡಿಸ್ಕ್ ಈಗ ಡಿ ಡ್ರೈವ್. ಲೆಕ್ಕದ ಡೇಟಾ ಅದರ ಹಳೇ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿದೆ. ಸಾಫ್ಟ್‌ವೇರ್ ತೆರೆದರೆ ‘ಆಕ್ಸೆಸ್ ಈಸ್ ಡಿನೈಡ್’, ಎರರ್ 5. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟರೆ ತೆರೆಯುತ್ತದೆ, ಆದರೆ ನುಡಿಯಲ್ಲಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ರೈತರ ಹೆಸರು ಟೈಪಾಗುವುದಿಲ್ಲ. ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ ಹಿಂದಿನವೇ.

ಉತ್ತರ (ಕುಮಟಾ, ಕಂಪ್ಯೂಟರ್ ಸರ್ವಿಸ್): ಹೆಸರು ಒಂದೇ ಆದರೂ ವಿಂಡೋಸ್‌ಗೆ ನೀವು ಈಗ ಬೇರೆ ಯೂಸರ್. ಅದು ಹಕ್ಕು ಕೊಡುವುದು ಹೆಸರು ನೋಡಿ ಅಲ್ಲ, ಖಾತೆ ಹುಟ್ಟುವಾಗ ಸಿಗುವ ಗುರುತಿನ ಸಂಖ್ಯೆ ನೋಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಆ ಸಂಖ್ಯೆ ಬದಲಾಗುತ್ತದೆ. ಹಳೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ ನೋಡಿ. ‘ಅಕೌಂಟ್ ಅನ್‌ನೋನ್’ ಅಂತ ಬರೆದು ಪಕ್ಕದಲ್ಲಿ ಎಸ್-1-5-21ರಿಂದ ಶುರುವಾಗುವ ಉದ್ದ ಸಂಖ್ಯೆ ಇರುತ್ತದೆ. ಅದೇ ನಿಮ್ಮ ಹಳೇ ಖಾತೆ.

ಅದೇ ಪಟ್ಟಿಯಲ್ಲಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೂ ಪೂರ್ತಿ ಹಕ್ಕು ಇದೆ. ಹಾಗಾಗಿಯೇ ‘ರನ್ ಆ್ಯಸ್’ ಕೊಟ್ಟಾಗ ತೆರೆಯುತ್ತದೆ. ಆದರೆ ದಿನಾ ಹಾಗೇ ನಡೆಸಬೇಡಿ. ಸಾಮಾನ್ಯ ಹಕ್ಕಿನಲ್ಲಿ ಓಡುವ ನುಡಿ, ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಕಿಟಕಿಯೊಳಗೆ ಕೀ ಕಳಿಸಲಾರದು; ಕೆಳಗಿನ ಹಕ್ಕಿನ ಪ್ರೋಗ್ರಾಮನ್ನು ವಿಂಡೋಸೇ ತಡೆಯುತ್ತದೆ. ನುಡಿಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಏನೂ ಆಗುವುದಿಲ್ಲ. ಇನ್ನೊಂದು ಕಂಪ್ಯೂಟರಿನಿಂದ ಹಾಕಿಕೊಂಡ ನೆಟ್‌ವರ್ಕ್ ಡ್ರೈವ್ ಇದ್ದರೆ ಅದೂ ಆ ಕಿಟಕಿಯಲ್ಲಿ ಕಾಣದೆ ಹೋಗುತ್ತದೆ.

ಸರಿಯಾದ ದಾರಿ: ಸಿ ಡ್ರೈವಿನ ಮೊದಲ ಹಂತದಲ್ಲೇ ಹೊಸ ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇರಲಿ. ಹಳೇ ಲೆಕ್ಕದ ಸಾಫ್ಟ್‌ವೇರುಗಳಿಗೆ ಕನ್ನಡ ಹೆಸರಿನ ಫೋಲ್ಡರ್ ಅರ್ಥವಾಗದೆ ಇರಬಹುದು. ಹಳೇ ಡೇಟಾ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದರೆ ‘ಕಂಟಿನ್ಯೂ’ ಒತ್ತಿ, ಒಳಗಿನದ್ದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿ. ಕಟ್ ಮಾಡಬೇಡಿ. ಕಾಪಿ ಆದ ಫೈಲು ಹೊಸ ಫೋಲ್ಡರಿನ ಹಕ್ಕು ಪಡೆಯುತ್ತದೆ. ಒಂದೇ ಡ್ರೈವಿನೊಳಗೆ ಕಟ್ ಮಾಡಿ ಹಾಕಿದ್ದು ಹಳೇ ಹಕ್ಕನ್ನೇ ಹೊತ್ತು ಬರುತ್ತದೆ, ಬಹಳ ಜನ ಎಡವುವುದು ಅಲ್ಲೇ. ಆಮೇಲೆ ಸಾಫ್ಟ್‌ವೇರಿನಲ್ಲಿ ಡೇಟಾ ಇರುವ ಜಾಗ ಬದಲಿಸಿ. ಹಳೇ ಡಿಸ್ಕನ್ನು ಅಳಿಸದೆ ಬ್ಯಾಕಪ್ಪಿಗೆ ಇಟ್ಟುಕೊಳ್ಳಿ.

ಶಿರಸಿ: ಕಾಪಿ ಮಾಡಿದೆ ಸರ್, ತೆರೆಯಿತು, ನುಡಿಯೂ ಬರುತ್ತಿದೆ. ಆದರೆ ಬಿಲ್ ನಂಬರ್ ಹಿಂದಕ್ಕೆ ಹೋಗಿದೆ. ಈಚೆಗೆ ಸೇರಿಸಿದ ರೈತರ ಹೆಸರೇ ಇಲ್ಲ, ಚಾಲಿ, ರಾಶಿ ಅಡಿಕೆಯ ದರವೆಲ್ಲ ಹಳೇದು. ಸಾಫ್ಟ್‌ವೇರನ್ನು ಹಳೇ ಪ್ರೋಗ್ರಾಮ್ ಫೈಲ್ಸ್ ಎಕ್ಸ್86 ಫೋಲ್ಡರಿನಿಂದಲೇ ತಂದಿದ್ದೆ.

ಉತ್ತರ (ಕುಮಟಾ): ಈಗಲೇ ಎಂಟ್ರಿ ನಿಲ್ಲಿಸಿ. ಮುಂದುವರಿಸಿದರೆ ಎರಡು ಲೆಕ್ಕ ಆಗುತ್ತದೆ, ಆಮೇಲೆ ಕೂಡಿಸುವುದು ಬಹಳ ಕಷ್ಟ.

ನಿಮ್ಮ ಸಾಫ್ಟ್‌ವೇರ್ 32 ಬಿಟ್‌ನ ಹಳೇದು. ಅಂಥವು ಬಿಲ್ ನಂಬರ್, ಹೆಸರು, ದರದಂಥ ಕೆಲವನ್ನು ಡೇಟಾ ಫೋಲ್ಡರ್ ಬಿಟ್ಟು ತಮ್ಮ ಫೋಲ್ಡರಿನಲ್ಲೇ ಬರೆಯಲು ಹೋಗುತ್ತವೆ. ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಸಾಮಾನ್ಯ ಯೂಸರಿಗೆ ಬರೆಯುವ ಹಕ್ಕಿಲ್ಲ. ಆಗ ವಿಂಡೋಸ್ ಎರರ್ ತೋರಿಸದೆ, ಆ ಫೈಲಿನ ಪ್ರತಿಯೊಂದನ್ನು ಯೂಸರಿನ ಸ್ವಂತ ಜಾಗದಲ್ಲಿ ಮಾಡಿ ಅಲ್ಲಿ ಬರೆಸುತ್ತದೆ. ಮುಂದೆ ಓದುವುದೂ ಅಲ್ಲಿಂದಲೇ. ಹಾಗಾಗಿ ನೀವು ತಂದದ್ದು ಪ್ರೋಗ್ರಾಮ್ ಫೈಲ್ಸ್‌ನಲ್ಲೇ ಉಳಿದಿದ್ದ ಹಳೇ ಫೈಲು. ದಿನಾ ತುಂಬಿದ್ದು ಇರುವುದು ಇಲ್ಲಿ: ಡಿ ಡ್ರೈವ್, ಯೂಸರ್ಸ್, ಹಳೇ ಹೆಸರು, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್, ಪ್ರೋಗ್ರಾಮ್ ಫೈಲ್ಸ್ ಎಕ್ಸ್86, ಅದರೊಳಗೆ ಸಾಫ್ಟ್‌ವೇರಿನ ಹೆಸರು. ಆ್ಯಪ್‌ಡೇಟಾ ಕಾಣದಿದ್ದರೆ ಮೇಲೆ ವ್ಯೂ, ಶೋ, ಹಿಡನ್ ಐಟಮ್ಸ್ ಟಿಕ್ ಮಾಡಿ.

ಎರಡೂ ಕಡೆಯ ‘ಡೇಟ್ ಮಾಡಿಫೈಡ್’ ಹೋಲಿಸಿ. ಅಡ್ಮಿನಿಸ್ಟ್ರೇಟರ್ ಆಗಿ ಏನೂ ಬರೆದಿರದಿದ್ದರೆ ಹೊಸ ತಾರೀಖಿನದ್ದೇ ನಿಮ್ಮ ನಿಜವಾದ ಫೈಲು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಈ ಬದಲಿ ವ್ಯವಸ್ಥೆ ಕೆಲಸ ಮಾಡುವುದಿಲ್ಲ, ಬರೆದದ್ದು ನೇರ ಪ್ರೋಗ್ರಾಮ್ ಫೈಲ್ಸ್‌ಗೇ ಹೋಗುತ್ತದೆ. ಹಾಗಾಗಿ ಈ ದಿನಗಳಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಹೊಡೆದ ಬಿಲ್ಲುಗಳಿದ್ದರೆ ಮೊದಲು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಅವನ್ನು ಕೈಯಲ್ಲೇ ಮತ್ತೆ ಹಾಕಬೇಕು. ಇಬ್ಬರು ಯೂಸರ್ ಇದ್ದರೆ ಇಬ್ಬರದ್ದೂ ಬೇರೆ ಬೇರೆ ಪ್ರತಿ ಇರುತ್ತದೆ, ಎರಡನ್ನೂ ನೋಡಿ. ಕೊನೆಗೆ ಸಾಫ್ಟ್‌ವೇರನ್ನು ಪ್ರೋಗ್ರಾಮ್ ಫೈಲ್ಸ್ ಬಿಟ್ಟು ಸಿ ಡ್ರೈವಿನ ಬೇರೆ ಫೋಲ್ಡರಿಗೆ ಇನ್‌ಸ್ಟಾಲ್ ಮಾಡಿ, ನಿಜವಾದ ಫೈಲುಗಳನ್ನು ಅಲ್ಲಿಗೆ ಹಾಕಿ. ಅಲ್ಲಿ ಬರೆಯುವ ಹಕ್ಕು ಇರುವುದರಿಂದ ಈ ಅಡಗುತಾಣದ ತೊಂದರೆ ಮತ್ತೆ ಬರುವುದಿಲ್ಲ.

ಅಂಕೋಲಾದಿಂದ ಒಬ್ಬರು: ಇಷ್ಟೆಲ್ಲ ಯಾಕೆ? ಇಡೀ ಸಿ ಡ್ರೈವಿಗೆ ‘ಎವ್ರಿಒನ್, ಫುಲ್ ಕಂಟ್ರೋಲ್’ ಕೊಟ್ಟರೆ ಮುಗಿಯಲಿಲ್ಲವೇ?

ಉತ್ತರ (ಕುಮಟಾ): ದಯವಿಟ್ಟು ಯಾರೂ ಮಾಡಬೇಡಿ. ವಿಂಡೋಸಿನ ಫೈಲುಗಳ ಒಡೆತನ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂಬುದರ ಕೈಯಲ್ಲಿರುತ್ತದೆ. ಅದನ್ನು ಕಿತ್ತುಕೊಂಡರೆ ಅಪ್‌ಡೇಟ್ ಕೆಡಬಹುದು, ಸ್ಟೋರಿನ ಆ್ಯಪ್‌ಗಳು ತೆರೆಯದೆ ಹೋಗಬಹುದು. ಯಾವ ಫೈಲಿಗೆ ಮೊದಲು ಏನು ಹಕ್ಕಿತ್ತು ಎಂದು ವಾಪಸ್ ತರುವ ಬಟನ್ ಇಲ್ಲ. ವೈರಸ್ ಹೊಕ್ಕರೂ ಅದಕ್ಕೆ ತಡೆ ಇರುವುದಿಲ್ಲ.

ಒಡೆತನ ಬದಲಿಸಲೇಬೇಕಾದರೆ ಡೇಟಾ ಫೋಲ್ಡರ್ ಒಂದಕ್ಕೆ ಮಾತ್ರ. ಸೆಕ್ಯುರಿಟಿ, ಅಡ್ವಾನ್ಸ್ಡ್, ಓನರ್ ಪಕ್ಕ ಚೇಂಜ್. ನಿಮ್ಮ ಯೂಸರ್ ಹೆಸರು ಬರೆದು ಚೆಕ್ ನೇಮ್ಸ್. ‘ರಿಪ್ಲೇಸ್ ಓನರ್ ಆನ್ ಸಬ್‌ಕಂಟೇನರ್ಸ್ ಆ್ಯಂಡ್ ಆಬ್ಜೆಕ್ಟ್ಸ್’ ಟಿಕ್ ಮಾಡಿ ಅಪ್ಲೈ. ಕಿಟಕಿ ಮುಚ್ಚಿ ಮತ್ತೆ ತೆರೆದು, ಆ್ಯಡ್ ಒತ್ತಿ ನಿಮ್ಮ ಹೆಸರಿಗೆ ಫುಲ್ ಕಂಟ್ರೋಲ್ ಕೊಡಿ. ಒಡೆತನ ಬಂದ ಮಾತ್ರಕ್ಕೆ ಫೈಲು ತೆರೆಯುವುದಿಲ್ಲ, ಹಕ್ಕು ಬೇರೆಯಾಗಿ ಕೊಡಬೇಕು. ಸಾವಿರಾರು ಫೈಲು ಇದ್ದರೆ ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋಗಿ ಬಂದು ಮಾಡುತ್ತದಲ್ಲ, ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತರೆ ಕೆಲವು ಫೈಲು ಹೊಸ ಹಕ್ಕಿನಲ್ಲಿ, ಕೆಲವು ಹಳೇದರಲ್ಲಿ ಉಳಿಯುತ್ತವೆ.

ಪ್ರಶ್ನೆ (ಕಾರವಾರ, ಜೆರಾಕ್ಸ್ ಮತ್ತು ಡಿಟಿಪಿ): ನಮ್ಮಲ್ಲಿ ಫೋಲ್ಡರ್ ತೆರೆಯುತ್ತದೆ. ಹಳೇ ಡಿಸೈನ್ ಸಾಫ್ಟ್‌ವೇರಿನಿಂದ ಡಾಕ್ಯುಮೆಂಟ್ಸ್‌ಗೆ ಸೇವ್ ಮಾತ್ರ ಆಗುವುದಿಲ್ಲ, ಪೆನ್‌ಡ್ರೈವಿಗೆ ಆಗುತ್ತದೆ. ಇನ್ನೊಂದು ಕಂಪ್ಯೂಟರಿನ ಶೇರ್ ಫೋಲ್ಡರಿಗೆ ಮೊದಲು ಪಾಸ್‌ವರ್ಡ್ ಇಲ್ಲದೆ ಹೋಗುತ್ತಿದ್ದೆವು, ಈಗ ಬಿಡುತ್ತಿಲ್ಲ.

ಉತ್ತರ (ಕಾರವಾರ, ನೆಟ್‌ವರ್ಕ್ ಕೆಲಸದವರು): ಎರಡೂ ಬೇರೆ ಬೇರೆ ತೊಂದರೆ. ಮೊದಲನೆಯದಕ್ಕೆ ವಿಂಡೋಸ್ ಸೆಕ್ಯುರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ನೋಡಿ. ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರಿಗೆ ಗುರುತಿಲ್ಲದ ಪ್ರೋಗ್ರಾಮ್ ಬರೆಯದಂತೆ ಅದು ತಡೆಯುತ್ತದೆ. ಅದನ್ನು ಆಫ್ ಮಾಡಬೇಡಿ. ‘ಅಲೋ ಆ್ಯನ್ ಆ್ಯಪ್’ನಲ್ಲಿ ನಿಮ್ಮ ಸಾಫ್ಟ್‌ವೇರ್ ಸೇರಿಸಿ.

ಎರಡನೆಯದು: ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶ ಮುಚ್ಚಿಯೇ ಬರುತ್ತದೆ. ಶೇರ್ ಇರುವ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಸಮೇತ ಒಂದು ಲೋಕಲ್ ಯೂಸರ್ ಮಾಡಿ. ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬಿನಲ್ಲಿ ಆ ಯೂಸರಿಗೆ ಹಕ್ಕು ಕೊಡಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಈ ಕಡೆಯ ಕಂಪ್ಯೂಟರಿನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್‌ನಲ್ಲಿ ಆ ಕಂಪ್ಯೂಟರಿನ ಹೆಸರು, ಯೂಸರ್, ಪಾಸ್‌ವರ್ಡ್ ಹಾಕಿ. ಲಾಗಿನ್ನಿನ ಪಿನ್ ಇಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು.

ಕಾರವಾರ, ಡಿಟಿಪಿ: ಎರಡೂ ಸರಿಯಾಯಿತು. ಒಂದು ಹಳೇ ಫೋಲ್ಡರಿನ ಫೈಲುಗಳ ಐಕಾನ್ ಮೇಲೆ ಚಿಕ್ಕ ಬೀಗ ಇದೆ, ಒಡೆತನ ತೆಗೆದುಕೊಂಡರೂ ತೆರೆಯುತ್ತಿಲ್ಲ.

ಉತ್ತರ (ಕಾರವಾರ): ಅದು ಎನ್‌ಕ್ರಿಪ್ಟ್ ಆದ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಗುಪ್ತಲಿಪಿಗೆ ಬದಲಾದ ಫೈಲು, ಹಕ್ಕಿನ ಪ್ರಶ್ನೆಯೇ ಅಲ್ಲ. ಹಳೇ ಖಾತೆಯ ಸರ್ಟಿಫಿಕೇಟ್ (ಆ ಡಿಜಿಟಲ್ ಕೀಲಿ) ಇಲ್ಲದೆ ತೆರೆಯಲು ಬರುವುದಿಲ್ಲ. ಹಳೇ ಹಾರ್ಡ್‌ಡಿಸ್ಕಿನ ವಿಂಡೋಸ್ ಇನ್ನೂ ಇದೆಯೇ? ಇದ್ದರೆ ಫಾರ್ಮ್ಯಾಟ್ ಮಾಡುವ ಮೊದಲು ಅದರಿಂದಲೇ ಬೂಟ್ ಮಾಡಿ ಹಳೇ ಖಾತೆಯಲ್ಲಿ ಲಾಗಿನ್ ಆಗಿ, ಫೋಲ್ಡರಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್‌ನಲ್ಲಿ ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಟಿಕ್ ತೆಗೆದು, ಒಳಗಿನ ಫೈಲುಗಳಿಗೂ ಅನ್ವಯಿಸಿ. ಆಮೇಲೆ ಕಾಪಿ ಮಾಡಿ.