ಸಹಾಯ ಬೇಕು: ಲ್ಯಾಬ್ ವರದಿ ‘ನಿರೋಧಕ’ ಎಂದರೂ ಅದೇ ಮಾತ್ರೆ ಮುಂದುವರಿದಿದೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮೊಂದಿಗಿರುವ ತಾಯಿಯವರಿಗೆ ಶ್ವಾಸಕೋಶದಲ್ಲಿ ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪಿನ ಸೋಂಕು (ಕ್ಷಯವಲ್ಲ, ಅದರ ದಾಯಾದಿ ಎನ್ನಬಹುದು) ಇರುವುದು ಕಫದ ಕಲ್ಚರ್‌ನಲ್ಲಿ ಖಚಿತವಾಗಿ, ಅಜಿಥ್ರೋಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಆರಂಭಿಸಿ 6 ತಿಂಗಳಾದರೂ ಕಲ್ಚರ್ ಇನ್ನೂ ಪಾಸಿಟಿವ್ ಬರುತ್ತಿದೆ. ಮೊದಲು ಮಾಡಿಸಿದ್ದ ಔಷಧ ಸಂವೇದನಾ ಪರೀಕ್ಷೆಯಲ್ಲಿ ಕ್ಲಾರಿಥ್ರೋಮೈಸಿನ್‌ನ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧ ಪ್ರಮಾಣ) 4, ಅಂದರೆ ಔಷಧ ನಾಟುತ್ತದೆ; ಇದು ಅಜಿಥ್ರೋಮೈಸಿನ್ ಗುಂಪಿನದೇ ಔಷಧ, ಹಾಗಾಗಿ ಫಲಿತಾಂಶ ಅದಕ್ಕೂ ಅನ್ವಯ. ರಿಫಾಂಪಿಸಿನ್, ಎಥಾಂಬುಟಾಲ್ ಎರಡಕ್ಕೂ ‘ನಿರೋಧಕ’ ಎಂದಿತ್ತು. ಆದರೂ ಅವನ್ನೇ ಏಕೆ ಮುಂದುವರಿಸಿದ್ದೀರಿ ಎಂದು ಕೇಳಿದೆ. ಈ ಸೋಂಕಿನಲ್ಲಿ ಕ್ಲಾರಿಥ್ರೋಮೈಸಿನ್, ಅಮಿಕಾಸಿನ್ ಫಲಿತಾಂಶಗಳಷ್ಟೇ ರೋಗಿಯ ಚೇತರಿಕೆಯೊಂದಿಗೆ ತಾಳೆಯಾಗುತ್ತವೆ, ಎಥಾಂಬುಟಾಲ್ ಬಿಟ್ಟರೆ ಅಜಿಥ್ರೋಮೈಸಿನ್‌ಗೂ ನಿರೋಧ ಹುಟ್ಟಬಹುದು ಎಂದು ವೈದ್ಯರು ವಿವರಿಸಿದರು. ಇನ್ನೊಬ್ಬರನ್ನು ಕೇಳಿದಾಗಲೂ ಅದೇ ಉತ್ತರ. ಅದನ್ನು ಒಪ್ಪುತ್ತೇನೆ, ಆದರೆ ಹಳೆಯ ವರದಿಯನ್ನೇ ಇನ್ನೂ ನಂಬಬಹುದೇ ಎಂಬುದು ನನ್ನ ಗೊಂದಲ. ಇಂಥ ಸ್ಥಿತಿಯಲ್ಲಿ ಹೊಸ ಕಫದಿಂದ ಕ್ಲಾರಿಥ್ರೋಮೈಸಿನ್, ಅಮಿಕಾಸಿನ್ ಔಷಧಗಳ ಪರೀಕ್ಷೆಯನ್ನು ಮತ್ತೆ ಮಾಡಿಸಿದವರಿದ್ದೀರಾ, ನಮ್ಮೂರಿನಲ್ಲಿ ಎಂಐಸಿ ಸಂಖ್ಯೆ ನಮೂದಿಸಿ ವರದಿ ಕೊಡುವ ಲ್ಯಾಬ್ ಯಾವುದು?